ಹಿಡಿತದ ಅಂಕೆ

ಹುಫೂಫಿನ ಒಂಟೆಸಂತೆಯಿಂದ ಬಖೀತ್ ಬರುತ್ತಾನೆ,
ಐಸು ತುಂಬಿದ ನೀಲಿ ಡಬ್ಬಿಯಲ್ಲಿ
ಹನ್ನೆರಡು ಮೂಗುಗಳ ಸಿಂಬಳ.
ಸುಡಾನಿನವನು, ಒಂಟೆಗಳನ್ನು ಹೆಸರಿಟ್ಟೇ ಕರೆಯುತ್ತಾನೆ.
ನನ್ನ ಚೀಟಿಯಲ್ಲಿ ಅವು ಬರೀ ನಂಬರು.

ಏಳನೆಯದನ್ನು ತೋರಿಸಿ ಅಂದ: "ಶಕ್ರಾಳಿಗೆ ನೆಗಡಿ.
ಎರಡು ದಿನ ಸೀನಿದಳು. ಮೂರನೆಯ ದಿನ
ಎಂದಿನಂತೆ ಒದ್ದಳು."

ಅದೇ ವೈರಸ್ಸು ಮನುಷ್ಯನ ಮೂಗಿನಲ್ಲಿ ನಿಲ್ಲಲಾರದು,
ಹಿಡಿಯಲು ಅಲ್ಲಿ ಗೂಟ ಕಡಿಮೆ.
ಶ್ವಾಸಕೋಶದ ತಳಕ್ಕಿಳಿದು
ಕೊನೆಯ ಕೋಣೆಯ ಕದ ಹುಡುಕುತ್ತದೆ.
ಗೂಟ ಅದೇ. ನೆಟ್ಟ ಜಾಗ ಬೇರೆ.
ಅಷ್ಟಕ್ಕೇ ಒಬ್ಬರಿಗೆ ಸೀನು, ಒಬ್ಬರಿಗೆ ಕಫನ್.

ರಾತ್ರಿ ಪಾಳಿಯಲ್ಲಿ ನಾನು ಹಿಡಿತ ಅಳೆಯುತ್ತೇನೆ.
ಚಿನ್ನದ ತೆಳು ಹಾಳೆಯ ಮೇಲೆ ಆ ಗೂಟ,
ಅದರ ಮೇಲೆ ಹರಿಯಬಿಟ್ಟ ವೈರಸ್ಸಿನ ಮುಳ್ಳು,
ಜೀವವಿಲ್ಲದ್ದು, ಬರೀ ಮುಳ್ಳು.
ಪರದೆಯ ಗೆರೆ ಏರಿದರೆ ಹಿಡಿಯಿತು.
ಉಪ್ಪುನೀರು ಬಿಡುತ್ತೇನೆ, ಗೆರೆ ಇಳಿಯುತ್ತದೆ
ನಿಧಾನ, ಮನಸ್ಸಿಲ್ಲದೆ.
ಅಂಕೆ ಸಣ್ಣದಾದಷ್ಟೂ ಪಟ್ಟು ದೊಡ್ಡದು.

ಮೊದಲ ವರ್ಷ ಅಂದುಕೊಂಡಿದ್ದೆ
ಉಡದ ಪಟ್ಟು ಹಾಕಿದ್ದೇ ಒಳಗೆ ಬರುತ್ತದೆಂದು.
ಉಡ ಗೋಡೆ ಹತ್ತಿಸೀತು, ಬಾಗಿಲು ತೆರೆಯದು.
ತೀರ ಬಿಗಿಯಾದದ್ದು ಕೆಲವು ಸಲ
ಅಂಗಳದ ಸಿಂಬಳಕ್ಕೇ ಅಂಟಿ
ಹೊಸಿಲು ಕಾಣದೆ ಕಫದೊಂದಿಗೆ ಹೊರಬೀಳುತ್ತದೆ.
ತೀರ ಸಡಿಲವಾದದ್ದು ತೇಲಿಹೋಗುತ್ತದೆ.
ಒಳಹೊಕ್ಕಿದ್ದು
ಹುಮನಾಬಾದಿನ ಬದುವಿನ ಉತ್ತರಾಣಿಯಂಥದು:
ಒಂದು ಕೊಕ್ಕೆಗೆ ಬಲವಿಲ್ಲ,
ಒಂದು ಬಿಡುವಾಗ ಇನ್ನೆರಡು ಹಿಡಿದಿರುತ್ತವೆ.
ಅವ್ವನ ಸೆರಗಿನಲ್ಲಿ ಅದು ಮನೆಯೊಳಗೆ ಬಂದದ್ದು
ನಡೆವಾಗ ಚುಚ್ಚಿದಾಗಲೇ ಗೊತ್ತಾಗುತ್ತಿದ್ದುದು.

ಹಿಡಿದರೆ ಮುಗಿಯಲಿಲ್ಲ. ಮುಳ್ಳನ್ನು ಕತ್ತರಿಸಿ
ಒಳಗೆ ಕರೆದುಕೊಳ್ಳಲು ಕತ್ತರಿ ಬೇಕು,
ಅದೂ ಮನೆಯವರದೇ ಕತ್ತರಿ.
ಅದು ಬರುವವರೆಗೆ ಕಾಯುವಷ್ಟು ಹಿಡಿತ ಸಾಕು.

ಮೂರು ತಿಂಗಳಾದ ಮೇಲೆ, ಇಂದು, ಏಳನೆಯದರ ಸರದಿ.
ಮುಳ್ಳಿನಲ್ಲಿ ಒಂದಕ್ಷರ ತಿದ್ದಿದೆ.
ಅಂಕೆ ಅರ್ಧಕ್ಕಿಳಿದಿದೆ. ಮತ್ತೆ ಅಳೆದೆ. ಅರ್ಧವೇ.
ಸಿಂಬಳ ತೆಗೆಯುವ ಮುನ್ನ ಬಖೀತ್
ಅವಳ ಮೂಗಿಗೆ ಮುತ್ತಿಡುವುದನ್ನು ನಾನೇ ನೋಡಿದ್ದೆ.

ಫೋನು ಮಾಡಿದೆ.
"ಆಗ ನಿನಗೇನೂ ಆಗಲಿಲ್ಲವೇ?"
"ಎರಡು ದಿನ ಕೆಮ್ಮಿದೆ."
"ಮೂರನೆಯ ದಿನ?"
"ಹಾಲು ಕರೆದೆ. ಅವಳು ಒದ್ದಳು.
ಯಾಕೆ?"
ಹಿಂದೆ ಯಾವುದೋ ಒಂಟೆ ಉಸಿರು ಬಿಟ್ಟ ಸದ್ದು.

ಅಂಕೆಯನ್ನು ಫಾರಮಿಗೆ ತುಂಬಿದೆ.
ಆ ಕೆಮ್ಮನ್ನು ಬರೆಯೋಣವೆಂದರೆ
ಅದಕ್ಕೆ ಅಲ್ಲಿ ಮನೆಯೇ ಇರಲಿಲ್ಲ.