ನಲವತ್ತು ವಾಲ್ಯೂಮ್

ಹನ್ನೆರಡು ಬಾಟಲಿ ಡೆವಲಪರ್ ಬೇಕು ಎಂದ
ಉಲ್ಲಾಸ ತಾಂಡೇಲ, ಪಾರ್ಲರಿನ ಹೊಸಿಲ ಹೊರಗೇ ನಿಂತು.
ಗಂಡಸರಿಗೆ ಪ್ರವೇಶವಿಲ್ಲ ಎಂದು ಬೋರ್ಡಿದೆ,
ಬರೆಸಿದ್ದು ನಾನೇ.
ಯಾರ ಮದುವೆಯೋ, ಎಂದೆ.
ಗಾಡಿಯದು, ಎಂದ.

ಗೋವೆಯ ಹೊಟೇಲಿನವರು ಕೈಬಿಟ್ಟ ಕ್ಯಾಂಪರ್ ವ್ಯಾನು.
ಒಳಗೆ ಮಂಚ, ಒಲೆ, ಮೊಣಕಾಲೆತ್ತರದ ಫ್ರಿಜ್ಜು.
ಕೋಡಿಬಾಗದ ಗಾಳಿಮರದಡಿ ಎರಡು ಮಳೆಗಾಲ ನಿಂತಿತ್ತು,
ಏಡಿಗಳಿಗೆ ಬಾಡಿಗೆಯಿಲ್ಲದ ಬಿಡಾರ.
ಎಂಜಿನ್ನು ಮಾತು ಕೇಳಿತು. ಟಯರು ಸಾಲಕ್ಕೆ ಸಿಕ್ಕವು.
ಕೇಳದೆ ಉಳಿದದ್ದು ಪ್ಲಾಸ್ಟಿಕ್ಕು:
ಕಿಟಕಿಯ ಚೌಕಟ್ಟು, ಮಾಡಿನ ಗಾಳಿಕಿಂಡಿಯ ಮುಚ್ಚಳ,
ಫ್ರಿಜ್ಜಿನ ಹಿಂದಿನ ಜಾಲರಿ,
ಎಲ್ಲವೂ ಬೀಡಿ ಸೇದುವವನ ಹಲ್ಲು.

ಕರಿಕೂದಲನ್ನು ಕೆಂಚು ಮಾಡುವ ಕ್ರೀಮು
ಹಳದಿಯನ್ನು ಬಿಳಿ ಮಾಡುತ್ತದೆಂದರೆ ಯಾರು ನಂಬುತ್ತಾರೆ?
ಇಪ್ಪತ್ತು ವಾಲ್ಯೂಮ್ ಸಾಕಾ, ಎಂದೆ.
ನಲವತ್ತು, ಎಂದ,
ನನ್ನ ವಯಸ್ಸು ಹೇಳಿದ ಹಾಗೆ.

ಮಳೆ ಪೂರಾ ಹೋಗಲಿ ಎಂದು ಕಾದು
ನವೆಂಬರದ ಒಂದು ಮಂಗಳವಾರ, ಪಾರ್ಲರಿಗೆ ರಜೆ, ನಮ್ಮ ತಾರಸಿ.
ಸೋಪಿನ ನೀರಲ್ಲಿ ಕಡಲ ಉಪ್ಪು ತೊಳೆದು
ಸಂದಿಯ ಮರಳನ್ನು ಹಲ್ಲಿನ ಬ್ರಶ್ಶಿಂದ ಕೆದಕಿ
ಬುಡದಿಂದ ತುದಿಗೆ ಎಳೆದೆ ಕ್ರೀಮನ್ನು, ಅಭ್ಯಾಸಬಲ.
ಚಪಾತಿ ಸುತ್ತುವ ತೆಳು ಹಾಳೆ ಹೊದಿಸಿದೆ.
ಒಣಗಬಾರದು, ಒಣಗಿದರೆ ಕಲೆ.
ತಾಸಿಗೊಮ್ಮೆ ಹೊರಳಿಸಬೇಕು.

ಹೊರಳಿಸುವುದು ಕಂಡು ಅತ್ತೆ ಮೇಲೆ ಬಂದರು,
ಕೈಯಲ್ಲಿ ಬಿದಿರ ಕೋಲು.
ಆಯುಷ್ಯವೆಲ್ಲ ಬಂಗಡೆ ಒಣಗಿಸಿದ ಕಣ್ಣು;
ಬಿಸಿಲಲ್ಲಿ ಏನಾದರೂ ಹರಡಿದ್ದರೆ ಕಾಗೆ ಬರಲೇಬೇಕು.
ಇದನ್ನ ತಿನ್ನೂದಿಲ್ಲ ಮಾಯಿ, ಎಂದ ಉಲ್ಲಾಸ.
ಅದು ನಿನಗೆ ಗೊತ್ತು, ಕಾಗೆಗೆ ಗೊತ್ತುಂಟಾ, ಎಂದು
ನೀರಿನ ಟಾಂಕಿಯ ನೆರಳಲ್ಲಿ ಕೂತೇಬಿಟ್ಟರು.

ಹಳದಿ ಮಾಡಿದ್ದೂ ಬಿಸಿಲೇ, ಬಿಡಿಸುವುದೂ ಬಿಸಿಲೇ.
ಬೆಂಕಿ ಹತ್ತದಿರಲಿ ಎಂದು ಕಾರ್ಖಾನೆಯಲ್ಲಿ
ಪ್ಲಾಸ್ಟಿಕ್ಕಿಗೆ ಏನೋ ಮದ್ದು ಬೆರೆಸಿರುತ್ತಾರಂತೆ,
ವರ್ಷ ಕಳೆದಂತೆ ಆ ಮದ್ದೇ ಹಳದಿಗೆ ತಿರುಗುತ್ತದಂತೆ.
ಉಲ್ಲಾಸ ಓದಿದ್ದನ್ನು ಒಪ್ಪಿಸಿದ.
ನಾನು ಏನೂ ಹೇಳಲಿಲ್ಲ.
ಬೆಂಕಿ ಹತ್ತದ ಹಾಗೆ ಬೆಳೆಸಲ್ಪಟ್ಟವರು
ನನ್ನ ಕುರ್ಚಿಗೂ ಬಂದು ಕೂರುತ್ತಾರೆ,
ಕನ್ನಡಿ ನೋಡದೆ.

ಮೂರು ಗಂಟೆಗೆ ಕಡಲಗಾಳಿ.
ಹಾಳೆ ಎದ್ದು ಪಟಪಟ.
ಸುಕ್ಕು ಬಿದ್ದಲ್ಲೆಲ್ಲ ಗೆರೆ ಮೂಡಿ
ಗಾಳಿಕಿಂಡಿಯ ಮುಚ್ಚಳವೀಗ ಇಳಿತದ ಹೊತ್ತಿನ ಕಾಳಿ ಅಳಿವೆ:
ಇಲ್ಲಿ ಮರಳ ದಿಬ್ಬ, ಅಲ್ಲಿ ನೀರು.
ಉಳಿದವು ಮಾತ್ರ ಬೆಳ್ಳಗೆ, ನೇವಿಯವರ ಬೂಟಿನಂತೆ
ಕಣ್ಣು ಕುಕ್ಕುವ ಬಿಳಿ.

ಜೋಡಿಸಲು ಹೋದವನು
ಮಂಚದಡಿಯ ಖಾನೆಯೊಂದನ್ನು ಎಳೆದು ಹೊರತೆಗೆದ.
ಅದರ ಒಳಮೈ ಬಿಸಿಲನ್ನು ಕಂಡದ್ದೇ ಇಲ್ಲ.
ಅದು ಬಿಳಿಯಲ್ಲ.
ಕುಚ್ಚಲಕ್ಕಿ ಗಂಜಿಯ ಬಣ್ಣ.
ಕಂಪನಿಯವರು ಹುಟ್ಟಿಸಿದ್ದೇ ಹಾಗೆ.
ಇಡೀ ದಿನ ಮೈಸುಟ್ಟುಕೊಂಡು ನಾವು
ಎಂದೂ ಇರದಿದ್ದ ಬಿಳಿಗೆ ಅದನ್ನು ಮರಳಿಸಿದ್ದೆವು.
ಮೊದಲು ನಕ್ಕವರು ಅತ್ತೆ, ಯಾಕೆಂದು ತಿಳಿಯದೆ.
ಆಮೇಲೆ ನಾನು.
ಉಲ್ಲಾಸ ಖಾನೆಯನ್ನು ಒಳಗೆ ತಳ್ಳಿ, ಮತ್ತೊಮ್ಮೆ ಎಳೆದು ನೋಡಿ,
ಕೊನೆಗೆ.

ಸಂಜೆ ಬೆರಳತುದಿ ಉರಿಯುತ್ತಿತ್ತು,
ಗ್ಲೌಸಿನ ತೂತು ನಾನು ನೋಡಿರಲಿಲ್ಲ.
ರಜೆಯೆಂದರೂ ಬಂದರು ಅಂಚೆ ಕಚೇರಿಯ ಪದ್ಮಾವತಿ ಬಾಂದೇಕರ;
ನಾಡಿದ್ದು ನಿವೃತ್ತಿ, ಫೋಟೋ ಉಂಟು.
ಯಾವ ಕಪ್ಪು, ಎಂದು ಬಣ್ಣದ ಕಾರ್ಡು ಹಿಡಿದೆ.
ಮೊದಲು ಇದ್ದದ್ದು, ಎಂದರು.
ಮೊದಲು ಹೇಗಿತ್ತು?
ತುಸು ಹೊತ್ತು ಸುಮ್ಮನಿದ್ದು, ತಲೆ ಬಾಗಿಸಿ
ತುರುಬನ್ನೆತ್ತಿ
ಕತ್ತಿನ ಹಿಂದಿನ ಒಂದು ಎಳೆ ತೋರಿಸಿದರು.
ದೀಪ ಹತ್ತಿರ ತಂದೆ.
ಕಪ್ಪಲ್ಲ. ಒಣಗಿದ ಮುರುಗಲ ಸಿಪ್ಪೆ.
ಕಾರ್ಡಿನಲ್ಲಿ ಅದಕ್ಕೆ ನಂಬರಿಲ್ಲ.