ಕುರಿ ಲೆಕ್ಕ

ಎರಡನೇ ತಿರುವಿನಲ್ಲೇ ನನ್ನ ಗೇರೆಲ್ಲ ಮುಗಿದವು.
ಇಳಿದು ತಳ್ಳಿದೆ. ದುಬಾರಿ ಬೂಟು ಟಾರಿನ ಮೇಲೆ
ಲಾಳದ ಹಾಗೆ ಟಕಟಕ.

ಹಿಂದಿನಿಂದ ಬಂದಳು ಹಿಲ್ಡಾ ಕಾಲ್ವರ್ಟ್,
ಎಪ್ಪತ್ತಮೂರು ವರ್ಷ, ಉಕ್ಕಿನ ಹಳೇ ಸೈಕಲ್ಲು,
ತುಟಿಯ ಮೇಲೆ ಅವಳಪ್ಪನ ಕುರಿ ಲೆಕ್ಕ:
ಯಾನ್, ಟಾನ್, ಟೆದರ...
ತುಳಿತಕ್ಕೊಂದು ಕುರಿ.
ಇಪ್ಪತ್ತಾದರೆ ಮತ್ತೆ ಯಾನ್.

‘ಮೇಲೆ ನೋಡಬೇಡ’ ಅಂದಳು, ನಿಲ್ಲದೆ.
ನೋಡಿದೆ.

ಕಣ್ಣು ಸೋಲುವಷ್ಟು ಬೋಳು ದಿಬ್ಬ.
ಹೆದರ್ ಅಂತೆ ಆ ಗಿಡದ ಹೆಸರು;
ಅಂಥ ಗಾಳಿಗೂ ಹೆದರದೆ ನೇರಳೆ ಬಿಟ್ಟಿತ್ತು.
ಕೆಳಗೆ ಸ್ವೇಲ್ ಹೊಳೆ, ಕಲ್ಲುಗೋಡೆಗಳ ನಡುವೆ
ಯಾರೋ ಕಳಚಿ ಎಸೆದ ಚೈನು.

ನೆತ್ತಿಯಲ್ಲಿ ಹಿಲ್ಡಾ ನಿಂತಿದ್ದಳು.
ನಡುರಸ್ತೆಯಲ್ಲಿ ಮಲಗಿತ್ತು
ಎಣಿಕೆಗೆ ಸಿಗದ ಒಂದು ನಿಜವಾದ ಕುರಿ,
ಮೆಲುಕು ಹಾಕುತ್ತ.

ಅವಳನ್ನು ನಾನು ಮುಟ್ಟಿದ್ದು
ಅದರ ದಯೆಯಿಂದ.