ಹಂದಿಗೂಡಿನ ಹೊಸ್ತಿಲು

ಶನಿವಾರಸಂತೆಯಿಂದ ಆರು ಮೈಲಿ.
ಬಸದಿ ಎಲ್ಲಿ ಅಂದರೆ
ಚೋಂದವ್ವ ಕೈಲಿದ್ದ ಸೌದೆಯಲ್ಲೇ ತೋರಿಸಿದಳು:
ಕಂಬ ಎರಡು ಪಲ್ಪರ್ ಮನೆಗೆ,
ಮಾನಸ್ತಂಭ ಅಡ್ಡ ಮಲಗಿ ತೋಡಿಗೆ ಸಂಕ,
ಗರ್ಭಗುಡಿಯ ಹಾಸುಗಲ್ಲಿನ ಮೇಲೆ
ಚೆರ್ರಿ ಕಾಫಿ ಒಣಗುತ್ತಿದೆ, ಜನವರಿ ಬಿಸಿಲು.
"ಅಕ್ಷರ ಇರೋದು ಒಂದೇ. ಹಂದಿಗೂಡಿನ ಹೊಸ್ತಿಲು."

ಹಂದಿಗಳನ್ನು ಹೊರಗಟ್ಟಿದೆವು.
ನಾಲ್ಕು ಕೊಡ ನೀರು, ತೆಂಗಿನ ನಾರು.
ಒದ್ದೆ ಕಾಗದ ಹಾಸಿ ಬ್ರಷ್ಷಿನಲ್ಲಿ ತಟ್ಟಿದೆ,
ಹಾಲು ಕುಡಿದ ಕೂಸಿನ ಬೆನ್ನು ತಟ್ಟುವ ಹಾಗೆ.
ಕಾಗದ ಒಂದೊಂದೇ ಗುಳಿಗೆ ಇಳಿಯಿತು.
ಮೇಲೆ ಮಸಿ. ಮಸಿ ಮುಟ್ಟದ ಕಡೆಯೆಲ್ಲ
ಬೆಳ್ಳಗೆ ಎದ್ದಿತು ಹಳೆಗನ್ನಡ:

ಸ್ವಸ್ತಿ... ಮಾಳಬ್ಬೆ ಕಂತಿಯರ್
ಇಪ್ಪತ್ತ... ದಿವಸಂ ನೋಂತು ಮುಡಿಪಿದರ್

ಇಪ್ಪತ್ತೆಷ್ಟು? ಅಲ್ಲಿ ಗೊರಸು ಸವೆಸಿದ ಹಳ್ಳ.
ಇಪ್ಪತ್ತೊಂದೋ, ಇಪ್ಪತ್ತೊಂಬತ್ತೋ,
ನಡುವಿನ ಎಂಟು ದಿನ ಹಂದಿಗಳ ಪಾಲು.
ನವಿಲುಗರಿಯಲ್ಲಿ ಇರುವೆ ಸರಿಸಿ ಕೂತವಳು,
ಮೊದಲು ಅನ್ನ, ಆಮೇಲೆ ಗಂಜಿ, ಆಮೇಲೆ ನೀರು,
ಅಕ್ಷರ ಕಡೆಯುವವನ ಹಾಗೆ
ತನ್ನನ್ನೇ ಚೂರುಚೂರು ತೆಗೆದು ಹಾಕಿದವಳು.

ಬಸದಿಯನ್ನು ಯಾರೂ ಸುಟ್ಟದ್ದಲ್ಲ.
ಒಂದು ವರ್ಷ ಎಣ್ಣೆ ಬರಲಿಲ್ಲ,
ಮರುವರ್ಷ ಎಣ್ಣೆ ಕೇಳಲು ಯಾರೂ ಇರಲಿಲ್ಲ,
ಹಾಗೇ ಇರಬೇಕು. ನಾನು ಊಹಿಸಿದ್ದು.

"ಏನು ಬರೆದಿದೆ?" ಅಂದಳು ಚೋಂದವ್ವ.
ಉಪವಾಸದ ಮಾತು ಬಾಯಿಗೆ ಬರಲಿಲ್ಲ. ಶಾಪ ಓದಿದೆ:
ಈ ಧರ್ಮ ಕೆಡಿಸಿದವನು
ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಲಿ.
ಅವಳು ಗೂಡಿನೊಳಗೆ ಇಣುಕಿದಳು, ಸ್ವಲ್ಪ ಹೊತ್ತು.
"ಕಲ್ಲು ಹಾಕಿಸಿದ್ದು ನಮ್ಮ ಮಾವ.
ಹಾಗಾದರೆ ಇಲ್ಲೇ ಎಲ್ಲೋ ಇರಬೇಕು.
ಹುಳು ಇರೋ ಗೊಬ್ಬರ ಕಾಫಿಗೆ ಒಳ್ಳೇದು, ಬಿಡಿ."

ಮಧ್ಯಾಹ್ನ ಕಡಂಬುಟ್ಟು, ಪಂದಿಕರಿ,
ಕಾಚಂಪುಳಿಯ ಕಪ್ಪು ಹುಳಿ.
ಕೈಗೆ ಇನ್ನೂ ಮಸಿ ಅಂಟಿತ್ತು.
ಎರಡನೇ ಸಲ ಹಾಕಿಸಿಕೊಂಡೆ.

ಸಂಜೆ ಬಸ್ಸು. ಮಡಿಲಲ್ಲಿ ಕಾಗದದ ಸುರುಳಿ
ಒಣಗಿ ಗರಗರ ಅನ್ನುತ್ತಿತ್ತು.
"ಜಾಗದ ನಕ್ಷೆಯಾ?" ಕೇಳಿದ ಕಂಡಕ್ಟರ್.
ಹೌದು ಅಂದೆ. ಸುಳ್ಳಲ್ಲ:
ದೀಪದೆಣ್ಣೆಗೆ ಬಿಟ್ಟ ಗದ್ದೆ, ಹತ್ತು ಖಂಡುಗ.
ಮೂಡಲು ಹುತ್ತ, ತೆಂಕಲು ಹೆಬ್ಬಂಡೆ,
ಪಡುವಲು ಹೊಳೆ.
ಬಡಗಲು ಕಲ್ಲು ಒಡೆದಿದೆ.
ಬಸ್ಸು ಆ ಕಡೆಗೇ ಹೋಗುತ್ತಿತ್ತು.